ಹಳೇ ಬೆಸನ್ ಕಾರ್ನೆಟ್: ಯಾವ ಕಾಲದ್ದು, ಹೇಗೆ ಮಾಡಿದ್ದು?

ಮೂರುಗುಂಡಿ

ಎಲ್ಲರಿಗೂ ನಮಸ್ಕಾರ. ಹಳೇ ಕಾರ್ನೆಟ್ (ಟ್ರಂಪೆಟ್ ಥರದ ಪುಟ್ಟ ಹಿತ್ತಾಳೆ ವಾದ್ಯ) ಒಂದು ಕೈಗೆ ಬಂದಿದೆ. ಅದರ ಜಾತಕ ಬಿಡಿಸಲು ನಿಮ್ಮ ಸಹಾಯ ಬೇಕು.

ಬೆಲ್ (ದನಿ ಹೊರಬರುವ ಅಗಲ ಬಾಯಿ) ಮೇಲೆ ಕೆತ್ತಿರುವುದು ಇಷ್ಟು: ಬೆಸನ್ ಅಂಡ್ ಕೋ, 'ಪ್ರೊಟೊಟೈಪ್', 198 ಯೂಸ್ಟನ್ ರೋಡ್, ಲಂಡನ್, ಇಂಗ್ಲೆಂಡ್. ಅದರ ಕೆಳಗೆ ಕಂಪನಿಗೆ ಬಂದ ಪದಕಗಳ ಲೆಕ್ಕವಿದೆ, ಆದರೆ ಅಂಕಿ ಸವೆದುಹೋಗಿದೆ. ಇನ್ನೊಂದು ಕಡೆ 'ಕ್ಲಾಸ್ ಎ' ಎಂದಿದೆ. ಎರಡನೇ ವಾಲ್ವಿನ (ಗುಂಡಿ ಒತ್ತಿದರೆ ಗಾಳಿಯ ದಾರಿ ಬದಲಿಸುವ ಭಾಗ) ಹೊರಕವಚದ ಮೇಲೆ ಐದಂಕಿಯ ಒಂದು ಸಂಖ್ಯೆ ಒತ್ತಿದ್ದಾರೆ. ಮೈಮೇಲೆ ಬೆಳ್ಳಿ ಗಿಲೀಟು. ಎಡಗೈ ಹಿಡಿಯುವ ಕಡೆ ಮಾತ್ರ ಅದು ಪೂರ್ತಿ ಸವೆದು ಹಿತ್ತಾಳೆ ಕಾಣುತ್ತೆ. ಪಿಸ್ಟನ್‌ಗಳು ಓಡಾಡುತ್ತವೆ. ಮುಖ್ಯ ಸ್ಲೈಡ್ (ಶ್ರುತಿ ಹೊಂದಿಸಲು ಎಳೆಯುವ ಕೊಳವೆ) ಅಂಟಿಕೊಂಡು ಕೂತಿದೆ.

ಊದಿದರೆ ದನಿ ಚೆನ್ನಾಗಿಯೇ ಬರುತ್ತೆ. ಆದರೆ ಟ್ಯೂನರ್ ಮುಂದಿಟ್ಟರೆ ಪ್ರತಿ ಸ್ವರವೂ ಮೇಲಕ್ಕೆ. ಅದೂ ಸ್ವಲ್ಪ ಅಲ್ಲ, ಜಾಸ್ತಿನೇ. ಇದು ಯಾವ ಕಾಲದ್ದು? ಶ್ರುತಿ ಯಾಕೆ ಹೀಗೆ? ಪಾಲಿಶ್ ಮಾಡಿಸಬಹುದಾ?

ಹಳೇಸಾಮಾನು

ಒಳ್ಳೇ ಮಾಲು ಹೊಡೆದಿದ್ದೀರಿ! ವಿಳಾಸ ಇದೆಯಲ್ಲ, ಅಷ್ಟು ಸಾಕು. ಯೂಸ್ಟನ್ ರೋಡ್ ಅಂದರೆ ವಿಕ್ಟೋರಿಯಾ ರಾಣಿ ಕಾಲ. 1870 ಅಂತ ಕಣ್ಣು ಮುಚ್ಚಿ ಬರೆದುಕೊಳ್ಳಿ. ಬಫಿಂಗ್ (ಯಂತ್ರದ ಚಕ್ರಕ್ಕೆ ಹಿಡಿದು ಉಜ್ಜುವುದು) ಮಾಡಿಸಿ ಫಳಫಳ ಅನ್ನಿಸಿ.

ಕೊಳವೆಶಾಸ್ತ್ರಿ

ಕಣ್ಣು ಮುಚ್ಚೋದು ಬೇಡ ಸಾರ್, ಬಿಟ್ಕೊಂಡೇ ನೋಡೋಣ. ಬಫಿಂಗ್ ಅಂತೂ ಬೇಡವೇ ಬೇಡ, ಕಾರಣ ಆಮೇಲೆ ಹೇಳುತ್ತೇನೆ.

ಆ ವಿಳಾಸದಲ್ಲಿ ಬೆಸನ್ ಕಂಪನಿ ದಶಕಗಟ್ಟಲೆ ಇತ್ತು. ರಾಣಿ ಹೋದ ಮೇಲೂ ಅದೇ ವಿಳಾಸ ಕೆತ್ತುತ್ತಿದ್ದರು. ಹಾಗಾಗಿ ಅದೊಂದರಿಂದ ಇಸವಿ ಸಿಗುವುದಿಲ್ಲ. ಅದಕ್ಕಿಂತ ಕೊನೆಯಲ್ಲಿರುವ 'ಇಂಗ್ಲೆಂಡ್' ಹೆಚ್ಚು ಉಪಯೋಗಕ್ಕೆ ಬರುತ್ತೆ. ಲಂಡನ್ ಎಂದು ಬರೆದ ಮೇಲೆ ದೇಶದ ಹೆಸರು ಯಾಕೆ ಬೇಕಿತ್ತು ಹೇಳಿ? ಅಮೆರಿಕಕ್ಕೆ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಲೇಬೇಕು ಎಂಬ ನಿಯಮ 1891ರಲ್ಲಿ ಜಾರಿಗೆ ಬಂತು. ಅಲ್ಲಿಂದ ಮುಂದೆ ರಫ್ತು ಮಾಡುವ ಬ್ರಿಟಿಷ್ ತಯಾರಕರ ವಸ್ತುಗಳ ಮೇಲೆ ದೇಶದ ಹೆಸರು ಕಾಣುವುದು ಹೆಚ್ಚಾಯಿತು. ಇದು ಗಟ್ಟಿ ಸಾಕ್ಷಿ ಅಲ್ಲ, ಆದರೆ 1890ರ ನಂತರದ್ದು ಅನ್ನುವ ಕಡೆಗೆ ತಕ್ಕಡಿ ವಾಲುತ್ತೆ.

ಇನ್ನೊಂದು ತುದಿ ನೋಡಿ. 1930ರ ದಶಕದಲ್ಲಿ ಬೆಸನ್ 'ನ್ಯೂ ಸ್ಟ್ಯಾಂಡರ್ಡ್' ಎಂಬ ಹೆಸರು ತಂದಿತು. ನಿಮ್ಮದರ ಮೇಲೆ ಅದಿಲ್ಲ. 1948ರಲ್ಲಿ ಬೂಸಿ ಅಂಡ್ ಹಾಕ್ಸ್ ಎಂಬ ಇನ್ನೊಂದು ಬ್ರಿಟಿಷ್ ವಾದ್ಯ ಕಂಪನಿ ಬೆಸನ್ ಅನ್ನು ಕೊಂಡುಕೊಂಡಿತು. ಅಲ್ಲಿಂದ ಮುಂದೆ ಬೆಸನ್ ವಾದ್ಯಗಳು ಅವರ ಎಡ್ಜ್‌ವೇರ್ ಕಾರ್ಖಾನೆಯಲ್ಲೇ ತಯಾರಾದವು. ಬೂಸಿಯವರ 'ಇಂಪೀರಿಯಲ್', ಬೆಸನ್ನಿನ 'ನ್ಯೂ ಸ್ಟ್ಯಾಂಡರ್ಡ್' ಎರಡೂ ಹೆಚ್ಚುಕಡಿಮೆ ಒಂದೇ ವಾದ್ಯ, ಹೆಸರು ಬೇರೆ ಅಷ್ಟೇ. ನಿಮ್ಮದು ಅದಕ್ಕೂ ಹಿಂದಿನದು.

ನಿಖರ ಇಸವಿ ಬೇಕಾದರೆ ಆ ಐದಂಕಿಯ ಸಂಖ್ಯೆಯೇ ಗತಿ. ಆದರೆ ಒಂದು ಎಚ್ಚರಿಕೆ: ಬೆಸನ್ನಿಗೆ ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಬೇರೆಬೇರೆ ಕಾರ್ಖಾನೆ ಇತ್ತು. ಎರಡಕ್ಕೂ ಸಂಖ್ಯೆಗಳ ಸರಣಿ ಬೇರೆ. ಪ್ಯಾರಿಸ್ ಪಟ್ಟಿ ಹಿಡಿದು ಲಂಡನ್ ವಾದ್ಯದ ವಯಸ್ಸು ಹೇಳುವವರು ಇಂಟರ್ನೆಟ್ ತುಂಬಾ ಇದ್ದಾರೆ.

ನಿಧಾನಿ

ಒಂದೇ ಕಂಪನಿಗೆ ಎರಡು ದೇಶದಲ್ಲಿ ಕಾರ್ಖಾನೆ? ಆ ಕಾಲದಲ್ಲಿ?

ಕೊಳವೆಶಾಸ್ತ್ರಿ

ಆಸೆಪಟ್ಟು ಮಾಡಿದ್ದಲ್ಲ, ಕೋರ್ಟು ಕಚೇರಿಯ ಕಾಟ.

ಗುಸ್ತಾವ್ ಒಗುಸ್ಟ್ ಬೆಸನ್ ಹುಟ್ಟಿದ್ದು 1820ರಲ್ಲಿ. ಹದಿಹರೆಯ ದಾಟುವ ಮೊದಲೇ, 1837ರಲ್ಲಿ, ಪ್ಯಾರಿಸ್ಸಿನಲ್ಲಿ ಸ್ವಂತ ಅಂಗಡಿ ಇಟ್ಟ. ಆಗ ಹಿತ್ತಾಳೆ ವಾದ್ಯಗಳಿಗೆ ವಾಲ್ವ್ ಬಂದು ಹೆಚ್ಚು ದಿನ ಆಗಿರಲಿಲ್ಲ. ಸ್ಟೋಲ್ಟ್ಸೆಲ್, ಬ್ಲೂಮೆಲ್ ಇಬ್ಬರೂ ಸೇರಿ ಪ್ರಷ್ಯಾದಲ್ಲಿ ಪೇಟೆಂಟ್ ಪಡೆದದ್ದು 1818ರಲ್ಲಿ. ಈಗ ನಾವು ಬಳಸುವ ಮಾದರಿಯ ಪಿಸ್ಟನ್ ವಾಲ್ವನ್ನು ಪ್ಯಾರಿಸ್ಸಿನ ಪೆರಿನೆ ತಂದದ್ದು 1830ರ ದಶಕದ ಕೊನೆಗೆ. ಅಂದರೆ ಬೆಸನ್ ಅಂಗಡಿ ತೆರೆದಾಗ ಈ ಇಡೀ ಕಸುಬೇ ಎಳೇದು. ದಿನಕ್ಕೊಬ್ಬ ಹೊಸದೇನೋ ಕಂಡುಹಿಡಿದೆ ಅನ್ನುತ್ತಿದ್ದ.

ಅಷ್ಟರಲ್ಲಿ ಬೆಲ್ಜಿಯಂನಿಂದ ಅಡಾಲ್ಫ್ ಸ್ಯಾಕ್ಸ್ ಬಂದ. ಸ್ಯಾಕ್ಸೋಫೋನಿನ ಸ್ಯಾಕ್ಸ್, ಅವನೇ. 1840ರ ದಶಕದಲ್ಲಿ ಸ್ಯಾಕ್ಸ್‌ಹಾರ್ನ್‌ಗಳಿಗೆ (ವಾಲ್ವ್ ಇರುವ ಹಿತ್ತಾಳೆ ವಾದ್ಯಗಳ ಒಂದು ಕುಟುಂಬ) ಪೇಟೆಂಟ್ ಪಡೆದ. 'ಇದರಲ್ಲಿ ಹೊಸದೇನಿದೆ, ನಾವೂ ಇದನ್ನೇ ಮಾಡುತ್ತಿದ್ದೆವು' ಎಂದು ಉಳಿದ ತಯಾರಕರು ತಿರುಗಿಬಿದ್ದರು. ಅವನೂ ಬಿಡಲಿಲ್ಲ, ಒಬ್ಬೊಬ್ಬರ ಮೇಲೂ ಕೇಸು ಜಡಿದ. ಬೆಸನ್ ಸೋತ. ದಂಡ ತೆರುವ ಬದಲು 1850ರ ದಶಕದ ಕೊನೆಗೆ ಲಂಡನ್ ಸೇರಿದ. ಪ್ಯಾರಿಸ್ ಅಂಗಡಿ ಹೆಂಡತಿ ಫ್ಲೋರೆಂಟೀನ್ ಹೆಸರಿಗೆ ಬಂತು, ಅವಳೇ ನಡೆಸಿದಳು. ಹಳೇ ಬೆಸನ್‌ಗಳ ಮೇಲೆ 'ಎಫ್. ಬೆಸನ್' ಎಂದು ಕಾಣುವುದು ಅದಕ್ಕೇ. ಅವನು 1874ರಲ್ಲಿ ಸತ್ತ. ಆಮೇಲೆ ಮಗಳು ಮಾರ್ಥ್ ಹೊಣೆ ಹೊತ್ತಳು. ಅವಳು ಫೋಂಟೇನ್ ಎಂಬುವನನ್ನು ಮದುವೆಯಾದ ಮೇಲೆ ಪ್ಯಾರಿಸ್ ವಾದ್ಯಗಳ ಮೇಲೆ 'ಫೋಂಟೇನ್-ಬೆಸನ್' ಎಂದು ಬರತೊಡಗಿತು. ಲಂಡನ್ ಕಡೆಯದು ಬೆಸನ್ ಅಂಡ್ ಕೋ ಆಗಿಯೇ ಉಳಿಯಿತು.

ಕೇಸು ಗೆದ್ದ ಸ್ಯಾಕ್ಸ್ ಕಥೆ ಕೇಳಿ: ಮೂರು ಸಲ ದಿವಾಳಿ. ವಕೀಲರು ಮಾತ್ರ ಎಲ್ಲ ಕಾಲದಲ್ಲೂ ಚೆನ್ನಾಗಿರುತ್ತಾರೆ.

ಹಳೇಸಾಮಾನು

ಸರಿ ಶಾಸ್ತ್ರಿಗಳೇ, ಒಪ್ಪಿದೆ. ಆದರೆ 'ಪ್ರೊಟೊಟೈಪ್' ಅಂತ ಕೆತ್ತಿದ್ದಾರಲ್ಲ. ಮೊದಲ ಮಾದರಿ ಅಂದರೆ ಜಗತ್ತಿನಲ್ಲಿ ಇದೊಂದೇ ಪೀಸ್ ಅಂತ ಅಲ್ವಾ? ಬೆಲೆ ಎಲ್ಲಿಗೋ ಹೋಗುತ್ತೆ.

ಕುಲುಮೆ

ಇಲ್ಲಣ್ಣ. ಅದು ಸಾವಿರಾರು ವಾದ್ಯಗಳ ಮೇಲಿದೆ. ನಾನು ವಾದ್ಯ ರಿಪೇರಿ ಮಾಡುವವನು, ಈ ಭಾಗ ನನಗೆ ಬಿಡಿ.

ಹಿತ್ತಾಳೆ ವಾದ್ಯದ ದನಿ, ಶ್ರುತಿ ಎರಡೂ ನಿಂತಿರುವುದು ಒಳಗಿನ ಗಾಳಿಯ ಆಕಾರದ ಮೇಲೆ. ಕೊಳವೆ ಎಲ್ಲಿ ಎಷ್ಟು ಅಗಲ, ಎಲ್ಲಿಂದ ಹಿಗ್ಗಲು ಶುರು, ಇದು ಮುಖ್ಯ. ಮೊದಲು ಇದೆಲ್ಲ ಕೆಲಸಗಾರನ ಕೈ, ಕಣ್ಣು ಹೇಳಿದಂತೆ. ಒಂದೇ ಅಂಗಡಿಯ ಎರಡು ಕಾರ್ನೆಟ್ ಎರಡು ಥರ ಊದುತ್ತಿದ್ದವು. 1850ರ ದಶಕದಲ್ಲಿ ಬೆಸನ್ ಮಾಡಿದ್ದೇನು ಅಂದರೆ, ವಾದ್ಯದ ಪ್ರತಿ ಭಾಗಕ್ಕೂ ಒಂದೊಂದು ಉಕ್ಕಿನ ಒಳಅಚ್ಚು ಮಾಡಿಟ್ಟುಕೊಂಡ. ಮೇಲಿಂದ ಮೇಲೆ ಅಳೆದು ತಿದ್ದಿದ ಅಚ್ಚು. ಎಲ್ಲ ಕೊಳವೆಯನ್ನೂ ಅದರ ಮೇಲೆಯೇ ಎಳೆದು ಕೂರಿಸುವುದು. ಹಾಗೆ ಮಾಡಿದರೆ ನೂರನೇ ಕಾರ್ನೆಟ್ಟೂ ಮೊದಲನೆಯದರಂತೆಯೇ ನುಡಿಯುತ್ತೆ. ಆ ಪದ್ಧತಿಯ ಹೆಸರು ಪ್ರೊಟೊಟೈಪ್.

'ಕ್ಲಾಸ್ ಎ' ಎಂಬುದು ಅವರ ದರ್ಜೆ. ಮೇಲಿನ ದರ್ಜೆಯದ್ದು, ಅಷ್ಟು ಖುಷಿ ಪಡಬಹುದು.

ಇನ್ನು ಬೆಲ್. ಮೂರುಗುಂಡಿ ಅವರೇ, ಒಂದು ಕೆಲಸ ಮಾಡಿ. ಬೆಲ್ ಒಳಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಉದ್ದಕ್ಕೂ ಸಣ್ಣ ಗೆರೆ ಸಿಗಬಹುದು, ನೇರವಾಗಿ ಅಥವಾ ಹಲ್ಲುಹಲ್ಲಾಗಿ. ಅದು ಬಿರುಕಲ್ಲ, ಹೆದರಬೇಡಿ. ಬೆಸೆದ ಜಾಗ.

ಬೆಲ್ ಹುಟ್ಟುವುದು ಚಪ್ಪಟೆ ತಗಡಿನಿಂದ. ತಾಮ್ರ ಏಳು ಪಾಲು, ಸತು ಮೂರು ಪಾಲು, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಒಂದು ತುದಿ ಸಣ್ಣ, ಇನ್ನೊಂದು ಅಗಲ ಇರುವಂತೆ ಕತ್ತರಿಸುತ್ತಾರೆ. ಒಂದು ಅಂಚಿಗೆ ಪುಟ್ಟ ಹಲ್ಲು ಕತ್ತರಿಸಿ, ಸುತ್ತಿ, ಆ ಹಲ್ಲುಗಳನ್ನು ಎದುರು ಅಂಚಿಗೆ ಒಂದು ಮೇಲೆ ಒಂದು ಕೆಳಗೆ ಕಚ್ಚಿಸುತ್ತಾರೆ. ಬಿಳಿಗಾರ ಹಾಕಿ, ಹಿತ್ತಾಳೆಗಿಂತ ಸ್ವಲ್ಪ ಬೇಗ ಕರಗುವ ಬೆಸುಗೆಪುಡಿ ಉದುರಿಸಿ, ಬೆಂಕಿಗೆ ಹಿಡಿಯುತ್ತಾರೆ. ಇಲ್ಲಿದೆ ನೋಡಿ ಕೈಚಳಕ. ಬೆಸುಗೆ ಕರಗಿ ಹರಿಯುವುದಕ್ಕೂ ತಗಡೇ ಕರಗಿ ತೂತು ಬೀಳುವುದಕ್ಕೂ ಅಂತರ ತೀರಾ ಕಡಿಮೆ. ಬಣ್ಣ ನೋಡಿಯೇ ಬೆಂಕಿಯಿಂದ ಹಿಂದೆ ತೆಗೆಯಬೇಕು.

ಆಮೇಲೆ ಬಡಿಯುವುದು. ಬಡಿದಂತೆ ಹಿತ್ತಾಳೆ ಗಡುಸಾಗುತ್ತೆ, ಇನ್ನೂ ಬಡಿದರೆ ಸೀಳುತ್ತೆ. ಅದಕ್ಕೆ ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಬಡಿ, ಕಾಯಿಸು, ಮತ್ತೆ ಬಡಿ. ಉಕ್ಕಿನ ಅಚ್ಚಿನ ಮೇಲೆ ಕೂರಿಸಿ ನಯ ಮಾಡಿ, ಕೊನೆಗೆ ಬಾಯಿಯ ಅಂಚನ್ನು ಒಂದು ತಂತಿಯ ಮೇಲೆ ಮಡಿಚುತ್ತಾರೆ. ನಿಮ್ಮ ಬೆಲ್ಲಿನ ಅಂಚು ಮುಟ್ಟಿ ನೋಡಿದರೆ ಉಬ್ಬಿದ ದಾರದ ಹಾಗೆ ಸಿಗುತ್ತಲ್ಲ, ಒಳಗೆ ಆ ತಂತಿ ಇದೆ.

ಬಾಗಿಸುವುದು ಇನ್ನೊಂದು ಕಥೆ. ಖಾಲಿ ಕೊಳವೆ ಬಾಗಿಸಿದರೆ ಮೊಣಕೈ ಹತ್ತಿರ ಚಪ್ಪಟೆಯಾಗಿಬಿಡುತ್ತೆ. ಅದಕ್ಕೆ ಒಳಗೆ ಕರಗಿಸಿದ ಸೀಸ ಅಥವಾ ರಾಳ ತುಂಬಿ, ಆರಿಸಿ, ಆಮೇಲೆ ಬಾಗಿಸುತ್ತಿದ್ದರು. ಸೀಸ ಕರಗುವುದು 327 ಡಿಗ್ರಿಯಲ್ಲಿ. ಅಷ್ಟಕ್ಕೆ ಹಿತ್ತಾಳೆಗೆ ಏನೂ ಆಗುವುದಿಲ್ಲ. ಬಾಗಿದ ಮೇಲೆ ಮತ್ತೆ ಕಾಯಿಸಿ ಸುರಿದರೆ ಆಯ್ತು. ಬಾಗಿನ ಒಳಬದಿಗೆ ಸುಕ್ಕು ಬಿದ್ದಿದ್ದರೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೆಗೆಯುತ್ತಾರೆ. ಆ ಕೆಲಸಗಾರರ ಶ್ವಾಸಕೋಶದ ಗತಿ ಏನಾಗಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ.

ನಿಧಾನಿ

ಕುಲುಮೆ ಸಾರ್, ವಾಲ್ವ್ ಬಗ್ಗೆಯೂ ಹೇಳಿ. ನನಗೆ ಅದೇ ಕಷ್ಟದ ಭಾಗ ಅನ್ನಿಸುತ್ತೆ.

ಕುಲುಮೆ

ಹೌದು, ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ನುರಿತ ಕೈ ಬೇಕಾಗುವುದು ಅಲ್ಲೇ. ಪಿಸ್ಟನ್ ಒಂದು ಟೊಳ್ಳು ಉರುಳೆ. ಅದರೊಳಗೆ ಗಾಳಿಯ ದಾರಿಗಳನ್ನು ಪುಟ್ಟ ಬಾಗಿದ ಕೊಳವೆಗಳಾಗಿ ಬೆಸೆಯುತ್ತಾರೆ. ಗುಂಡಿ ಒತ್ತದಿದ್ದಾಗ ಗಾಳಿ ನೇರ ಹೋಗಬೇಕು, ಒತ್ತಿದಾಗ ಸ್ಲೈಡ್ ಸುತ್ತಿ ಬರಬೇಕು. ತೂತುಗಳು ಕವಚದ ತೂತುಗಳಿಗೆ ಸರಿಯಾಗಿ ಎದುರಾಗಬೇಕು. ಒಂದಿಷ್ಟು ತಪ್ಪಿದರೂ ಸ್ವರ ಮಂಕಾಗುತ್ತೆ. ಪಿಸ್ಟನ್ನಿಗೂ ಕವಚಕ್ಕೂ ನಡುವಿನ ಸಂದು ಕೂದಲಿಗಿಂತ ಕಡಿಮೆ. ಪುಡಿ ಹಚ್ಚಿ, ತಿರುಗಿಸಿ ತಿರುಗಿಸಿ, ಎರಡನ್ನೂ ಒಂದಕ್ಕೊಂದು ಉಜ್ಜಿ ಕೂರಿಸುವುದು. ಹಾಗಾಗಿ ಮೂರೂ ಪಿಸ್ಟನ್ ತಂತಮ್ಮ ಮನೆಗೆ ಮಾತ್ರ ಸರಿಹೊಂದುತ್ತವೆ. 1, 2, 3 ಎಂದು ಗುರುತು ಇರುತ್ತೆ, ಅದಲುಬದಲು ಮಾಡಬೇಡಿ.

ಅಂದಹಾಗೆ ನಿಮ್ಮದು ಪೆರಿನೆ ಮಾದರಿಯೇ ಇರಬೇಕು. ಇನ್ನೂ ಹಳೇ ಸ್ಟೋಲ್ಟ್ಸೆಲ್ ಮಾದರಿ ಆಗಿದ್ದರೆ ವಾಲ್ವು ಸಣಕಲಾಗಿ, ಗಾಳಿಯ ಕೊಳವೆ ಅದರ ಬುಡದಿಂದಲೇ ಹೊರಡುತ್ತೆ. ನೋಡಿದ ಕೂಡಲೇ ಗೊತ್ತಾಗುತ್ತೆ.

ಮೂರುಗುಂಡಿ

ಬುಡದಲ್ಲಿ ತಿರುಪಿನ ಮುಚ್ಚಳ ಮಾತ್ರ ಇದೆ. ಕೊಳವೆಗಳೆಲ್ಲ ಪಕ್ಕದಿಂದ. ಹಾಗಾದರೆ ಪೆರಿನೆ.

ಶ್ರುತಿ ಬಗ್ಗೆ ಯಾರೂ ಹೇಳಲಿಲ್ಲ?

ಸ್ವರಪಟ್ಟಿ

ನಾನು ಹೇಳುತ್ತೇನೆ, ಇದು ನನ್ನ ಇಷ್ಟದ ವಿಷಯ.

ನಿಮ್ಮ ಕಾರ್ನೆಟ್ ಕೆಟ್ಟಿಲ್ಲ. ಅದು ತನ್ನ ಕಾಲದ ಶ್ರುತಿಗೆ ಸರಿಯಾಗಿಯೇ ಇದೆ. ಈಗ ನಾವು ಎ ಸ್ವರ 440 ಹರ್ಟ್ಸ್ ಅನ್ನುತ್ತೇವೆ. ಆಗಿನ ಬ್ರಿಟಿಷ್ ಬ್ಯಾಂಡ್‌ಗಳಲ್ಲಿ ಅದು ಸುಮಾರು 452. ಹಳೇ ಫಿಲ್‌ಹಾರ್ಮೋನಿಕ್ ಶ್ರುತಿ ಅಥವಾ ಹೈ ಪಿಚ್ ಅನ್ನುತ್ತಾರೆ. ಎರಡರ ಅಂತರ ಅರ್ಧ ಸ್ವರದಲ್ಲಿ ಅರ್ಧದಷ್ಟು. ಟ್ಯೂನರ್ ಕಿರುಚದೆ ಇನ್ನೇನು ಮಾಡೀತು.

ತಮಾಷೆ ಏನೆಂದರೆ, ಆರ್ಕೆಸ್ಟ್ರಾದವರು ಇದನ್ನು 1890ರ ದಶಕದಲ್ಲೇ ಬಿಟ್ಟರು. ಸೈನ್ಯದ ಬ್ಯಾಂಡ್‌ಗಳು 1920ರ ದಶಕದ ಕೊನೆಗೆ ಬಿಟ್ಟವು. ಬ್ರಾಸ್ ಬ್ಯಾಂಡ್‌ನವರು (ಹಿತ್ತಾಳೆ ವಾದ್ಯಗಳದ್ದೇ ಬ್ಯಾಂಡ್) 1960ರ ದಶಕದವರೆಗೂ ಹಿಡಿದುಕೊಂಡೇ ಇದ್ದರು! ಮೊಂಡುತನ ಅಂತ ಬೈಯುವುದು ಸುಲಭ. ಅವರ ಪರಿಸ್ಥಿತಿ ನೋಡಿ. ಗಣಿ, ಗಿರಣಿಯಲ್ಲಿ ದುಡಿಯುವವರ ಬ್ಯಾಂಡ್ ಅವು. ವಾದ್ಯಗಳನ್ನು ಕಂತಿನಲ್ಲಿ ತಂದು ವರ್ಷಗಟ್ಟಲೆ ಸಾಲ ತೀರಿಸಿದವರು. ಶ್ರುತಿ ಬದಲಿಸುವುದೆಂದರೆ ಇಡೀ ಸೆಟ್ಟನ್ನೇ ಬದಲಿಸಿದಂತೆ. ತಮ್ಮತಮ್ಮಲ್ಲೇ ನುಡಿಸುವಾಗ ಎಲ್ಲರದ್ದೂ ಒಂದೇ ಶ್ರುತಿ, ಯಾರಿಗೇನು ತೊಂದರೆ? ಕೊನೆಗೆ ಬೂಸಿ ಅಂಡ್ ಹಾಕ್ಸ್ ಹೈ ಪಿಚ್ ವಾದ್ಯ ಮಾಡುವುದನ್ನೇ ನಿಲ್ಲಿಸಿದಾಗ ಬೇರೆ ದಾರಿ ಉಳಿಯಲಿಲ್ಲ.

ಬೆಸನ್‌ನ ಅಚ್ಚಿನ ಪದ್ಧತಿಗೆ ಗಿರಾಕಿ ಸಿಕ್ಕಿದ್ದೂ ಇಂಥ ಬ್ಯಾಂಡ್‌ಗಳಿಂದಲೇ ಎಂದು ನನ್ನ ಅನಿಸಿಕೆ. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1853ರಿಂದ ಸ್ಪರ್ಧೆ ಶುರು. 1860ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ದೊಡ್ಡ ಸ್ಪರ್ಧೆ. ಸಾಲಾಗಿ ಕೂತ ಕಾರ್ನೆಟ್‌ಗಳು ಒಂದೇ ಥರ ನುಡಿಯದಿದ್ದರೆ ತೀರ್ಪುಗಾರರ ಮುಂದೆ ಮಾನ ಹೋಗುತ್ತೆ.

ಈಗ ಲೆಕ್ಕ. ಬಿ ಫ್ಲ್ಯಾಟ್ ಕಾರ್ನೆಟ್ಟಿನ ಕೊಳವೆ ಬಿಚ್ಚಿದರೆ ಸುಮಾರು 137 ಸೆಂಟಿಮೀಟರ್. 452ರಿಂದ 440ಕ್ಕೆ ಇಳಿಸಲು ಅದು ಶೇ. 2.7ರಷ್ಟು ಉದ್ದವಾಗಬೇಕು, ಅಂದರೆ 37 ಮಿಲಿಮೀಟರಿಗಿಂತ ತುಸು ಜಾಸ್ತಿ. ಸ್ಲೈಡಿಗೆ ಎರಡು ಕಾಲು ಇರುವುದರಿಂದ ಅದರ ಅರ್ಧ, ಸುಮಾರು 19 ಮಿಲಿಮೀಟರ್ ಎಳೆದರೆ ಸಾಕು. ಇಲ್ಲಿಗೆ ನಿಲ್ಲಿಸಬೇಡಿ. ವಾಲ್ವ್ ಸ್ಲೈಡ್‌ಗಳೂ ಅದೇ ಪ್ರಮಾಣದಲ್ಲಿ ಉದ್ದ ಆಗಬೇಕು: ಮೊದಲನೆಯದು ಎರಡು ಮಿಲಿಮೀಟರಿಗಿಂತ ತುಸು ಜಾಸ್ತಿ, ಎರಡನೆಯದು ಒಂದು, ಮೂರನೆಯದು ಮೂರೂವರೆ. ಮುಖ್ಯ ಸ್ಲೈಡ್ ಮಾತ್ರ ಎಳೆದು, ಗುಂಡಿ ಒತ್ತಿದ ಸ್ವರಗಳು ಬೇಸೂರು ಅಂತ ವಾದ್ಯವನ್ನು ಬೈಯುವವರೇ ಜಾಸ್ತಿ.

ಹಳೇಸಾಮಾನು

ಇಷ್ಟೆಲ್ಲ ಯಾಕೆ, ಒಂದು ತುಂಡು ಕೊಳವೆ ಸೇರಿಸಿ ಬೆಸೆದುಬಿಟ್ಟರೆ ಆಯ್ತಲ್ಲ?

ಕುಲುಮೆ

ಹಿಂದೆ ಬಹಳ ಜನ ಹಾಗೇ ಮಾಡಿಸಿದ್ದಾರೆ. ಈಗ ಮಾಡಬೇಡಿ. ಎಳೆದ ಸ್ಲೈಡ್ ವಾಪಸ್ ತಳ್ಳಬಹುದು, ಕತ್ತರಿಸಿದ ಕೊಳವೆ ವಾಪಸ್ ಬರುವುದಿಲ್ಲ.

ಶಾಸ್ತ್ರಿಗಳು ಬಫಿಂಗ್ ಬೇಡ ಎಂದದ್ದೂ ಇದಕ್ಕೇ. ಗಿಲೀಟಿನ ಬೆಳ್ಳಿ ತೀರಾ ತೆಳು. ಯಂತ್ರದ ಚಕ್ರಕ್ಕೆ ಹಿಡಿದರೆ ಮೊದಲು ಬೆಳ್ಳಿ ಹೋಗುತ್ತೆ, ಜೊತೆಗೆ ಕೆತ್ತನೆಯ ಅಂಚು ಮೊಂಡಾಗುತ್ತೆ. ಮೂರುಗುಂಡಿ ಅವರ ಪದಕಗಳ ಅಂಕಿ ಹಾಗೇ ಅಳಿಸಿರಬೇಕು. ಆ ಲೆಕ್ಕ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಓದಲು ಬಂದಿದ್ದರೆ ಕಾಲ ಹೇಳಲು ಒಂದು ದಾರಿ ಸಿಗುತ್ತಿತ್ತು. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ, ಇಷ್ಟೇ. ಹುಳಿ ಪದಾರ್ಥ ಯಾವುದೂ ಬೇಡ.

ಮೌತ್‌ಪೀಸ್ (ತುಟಿಗಿಟ್ಟು ಊದುವ ಬಿಡಿಭಾಗ) ಕೂರುವ ಕೊಳವೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಇದೆಯಾ ನೋಡಿ. ಇದ್ದರೆ ಹಿತ್ತಾಳೆಯಿಂದ ಸತು ಹೊರಟು ತಾಮ್ರ ಮಾತ್ರ ಉಳಿದಿದೆ ಎಂದರ್ಥ. ಒಳಗಿಂದ ತಿಂದುಕೊಂಡು ಬರುತ್ತೆ ಅದು. ಉಜ್ಜಿದರೆ ಹೋಗುವುದಿಲ್ಲ. ಅಲ್ಲಿ ಒತ್ತಿ ಹಿಡಿಯಬೇಡಿ.

ಅಂಟಿದ ಸ್ಲೈಡಿಗೆ: ಸಂದಿಗೆ ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಗ್ಗೆ ಹೊರಗಿನ ಕೊಳವೆಗೆ ಮಾತ್ರ ಬಿಸಿಗಾಳಿ ಕೊಡಿ. ಬಾಗಿದ ತುದಿಗೆ ಬಟ್ಟೆ ಸಿಕ್ಕಿಸಿ ಎರಡೂ ಕಾಲಿಗೆ ಸಮ ಬರುವಂತೆ ಎಳೆಯಿರಿ. ಇಕ್ಕಳ ಮುಟ್ಟಬೇಡಿ.

ಹಳೇಸಾಮಾನು

ಬೆಲೆ ಮಾತ್ರ ಯಾರೂ ಹೇಳ್ತಿಲ್ಲ.

ಕೊಳವೆಶಾಸ್ತ್ರಿ

ಹಳೇದಾದದ್ದೆಲ್ಲ ಅಪರೂಪ ಅಲ್ಲ ಸಾರ್. ಸಂಖ್ಯೆಯೇ ಐದಂಕಿಗೆ ಹೋಗಿದೆ ಅಂದ ಮೇಲೆ ಎಷ್ಟು ಮಾಡಿರಬೇಕು ಊಹಿಸಿ. ಇಂಥ ಕಾರ್ನೆಟ್‌ಗೆ ನುಡಿಸುವವರ ಗಿರಾಕಿ ಕಡಿಮೆ, ಕಾರಣ ಅದೇ ಶ್ರುತಿ. ಮೂಲ ಪೆಟ್ಟಿಗೆ, ಮೂಲ ಮೌತ್‌ಪೀಸ್, ವಾದ್ಯವನ್ನು ಬಿ ಫ್ಲ್ಯಾಟ್‌ನಿಂದ ಎ ಶ್ರುತಿಗೆ ಇಳಿಸುವ ಜೊತೆಗಿನ ತುಂಡುಕೊಳವೆ ಇದ್ದರೆ ಸಂಗ್ರಹಕಾರರು ಕಿವಿ ನಿಮಿರಿಸುತ್ತಾರೆ.

ಇನ್ನೊಂದು ಮಾತು, ಓದುತ್ತಿರುವ ಉಳಿದವರಿಗೆ. ಬೆಸನ್, ಬೂಸಿ ಹೆಸರಿನ ಹಿತ್ತಾಳೆ ಬಿಲ್ಲೆ ಅಂಟಿಸಿ, ಬೇಕೆಂದೇ ಕಪ್ಪು ಮಾಡಿ 'ಆಂಟಿಕ್' ಎಂದು ಮಾರುವ ಹೊಸ ಮಾಲು ಬಹಳ ಇದೆ. ಅಸಲಿಯ ಹೆಸರು ಬೆಲ್ಲಿನ ಲೋಹದಲ್ಲೇ ಕೆತ್ತಿರುತ್ತೆ. ಹೆಸರಿನ ಬಿಲ್ಲೆ ಕಂಡರೆ ಅನುಮಾನ ಪಡಿ. ಸವೆತವೂ ಕೈ ತಾಗುವ ಕಡೆಯೇ ಇರಬೇಕು. ಮೂರುಗುಂಡಿ ಅವರದ್ದು ಎಡಗೈ ಹಿಡಿತದಲ್ಲಿ ಸವೆದಿದೆ, ಅದು ಸರಿಯಾದ ಲಕ್ಷಣ.

ಮೂರುಗುಂಡಿ

ಸುದ್ದಿ ಹೇಳುತ್ತೇನೆ. ಸ್ಲೈಡ್ ಬಂತು! ಎಣ್ಣೆ, ಬಿಸಿಗಾಳಿ, ಬಟ್ಟೆ, ಕುಲುಮೆ ಸಾರ್ ಹೇಳಿದ ಹಾಗೇ. ಸ್ವರಪಟ್ಟಿ ಮೇಡಂ ಕೊಟ್ಟ ಅಳತೆಗೆ ಎಳೆದೆ, 440ಕ್ಕೆ ಬಂದು ಕೂತಿತು. ಬೆಲ್ ಒಳಗೆ ಗೆರೆಯೂ ಇದೆ, ಹಲ್ಲುಹಲ್ಲಾಗಿ. ಗುಲಾಬಿ ಚುಕ್ಕೆ ಇಲ್ಲ.

ಒಂದೇ ತಕರಾರು. ಮೊದಲ, ಮೂರನೇ ಗುಂಡಿ ಒಟ್ಟಿಗೆ ಒತ್ತಿದರೆ ಕೆಳಗಿನ ಡಿ ಮಾತ್ರ ಇನ್ನೂ ಏರಿಯೇ ಇದೆ.

ಸ್ವರಪಟ್ಟಿ

ಅದು ಹೈ ಪಿಚ್ ದೋಷ ಅಲ್ಲ, ಮೂರು ವಾಲ್ವಿನ ಎಲ್ಲ ವಾದ್ಯಕ್ಕೂ ಇರುವ ಕಷ್ಟ. ಮೊದಲ ಸ್ಲೈಡಿನ ಉದ್ದ ಬೇರೆ ಯಾವ ಗುಂಡಿಯೂ ಒತ್ತದಿದ್ದಾಗಿನ ಕೊಳವೆಗೆ ಲೆಕ್ಕ ಹಾಕಿದ್ದು. ಮೂರನೆಯದೂ ಹಾಗೇ. ಎರಡೂ ಸೇರಿದಾಗ ಕೊಳವೆ ಆಗಲೇ ಉದ್ದವಾಗಿರುತ್ತೆ, ಅದಕ್ಕೆ ತಕ್ಕಂತೆ ಇನ್ನೂ ಜಾಸ್ತಿ ಬೇಕು. ಲೆಕ್ಕದಲ್ಲಿ ಮೂರು ಸೆಂಟಿಮೀಟರಿನಷ್ಟು ಗಿಡ್ಡ ಬೀಳುತ್ತೆ. ಬೂಸಿ ಕಂಪನಿಯ ಬ್ಲೇಕ್ಲಿ ಇದಕ್ಕೆ 1874ರಲ್ಲಿ ಒಂದು ಉಪಾಯ ಮಾಡಿದ: ಮೂರನೇ ಗುಂಡಿ ಒತ್ತಿದಾಗ ಗಾಳಿ ಮತ್ತೊಮ್ಮೆ ಮೊದಲೆರಡು ವಾಲ್ವಿನೊಳಗೆ ಹಾದು, ಅಲ್ಲಿರುವ ಪುಟ್ಟ ಹೆಚ್ಚುವರಿ ಕೊಳವೆಗಳನ್ನು ಸುತ್ತಿ ಬರುತ್ತೆ. ಈಗಿನ ಒಳ್ಳೇ ಯುಫೋನಿಯಂಗಳಲ್ಲೂ (ಕಾರ್ನೆಟ್ಟಿಗಿಂತ ದೊಡ್ಡ, ತಗ್ಗು ದನಿಯ ಹಿತ್ತಾಳೆ ವಾದ್ಯ) ಅದೇ ಇದೆ. ಕಾರ್ನೆಟ್ಟಿಗೆ ತೂಕ ಹೆಚ್ಚಾಗುತ್ತೆ, ಹಾಗಾಗಿ ಅಷ್ಟಾಗಿ ನಡೆಯಲಿಲ್ಲ. ನೀವು ತುಟಿ ಸ್ವಲ್ಪ ಸಡಿಲಿಸಿ ಇಳಿಸಿ, ಅಥವಾ ಮೂರನೇ ಸ್ಲೈಡ್ ಇನ್ನೊಂದಿಷ್ಟು ಎಳೆದು ಮೂರನೆಯದನ್ನು ಒಂಟಿಯಾಗಿ ಬಳಸಬೇಡಿ.

ಕೊಳವೆಶಾಸ್ತ್ರಿ

ಇಸವಿಗೆ: ಬೂಸಿ ಅಂಡ್ ಹಾಕ್ಸ್‌ನ ದಾಖಲೆಗಳು ಈಗ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿವೆ. ಬೆಸನ್ ಲಂಡನ್ನಿನ ಹಳೇ ಲೆಕ್ಕದ ಪುಸ್ತಕಗಳೂ ಅದರಲ್ಲಿವೆ. ಸಂಖ್ಯೆ, ಬೆಲ್ ಕೆತ್ತನೆ, ವಾಲ್ವುಗಳು ಮೂರರ ಫೋಟೊ ಜೊತೆಗೆ ಬರೆದು ಕೇಳಿ. ಕೆತ್ತನೆಯ ಫೋಟೊಗೆ ಫ್ಲ್ಯಾಶ್ ಬೇಡ, ಪಕ್ಕದಿಂದ ಬೆಳಕು ಬರಲಿ. ಪದಕದ ಅಂಕಿಯೂ ಹಾಗೆ ನೋಡಿದರೆ ಕಾಣಿಸಬಹುದು.

ಮೂರುಗುಂಡಿ

ಬರೆಯುತ್ತೇನೆ. ನನ್ನ ಈಗಿನ ಮೌತ್‌ಪೀಸ್ ಪೂರ್ತಿ ಒಳಗೆ ಹೋಗುತ್ತಿಲ್ಲ, ಅರ್ಧಕ್ಕೇ ನಿಲ್ಲುತ್ತೆ. ಒತ್ತಲಾ?

ಕುಲುಮೆ

ಒತ್ತಬೇಡಿ! ಹಳೇ ಬ್ರಿಟಿಷ್ ಕಾರ್ನೆಟ್‌ಗಳಲ್ಲಿ ಮೌತ್‌ಪೀಸ್ ಕೂರುವ ಬಾಯಿ ಈಗಿನದಕ್ಕಿಂತ ಸಣ್ಣ. ಒತ್ತಿದರೆ ಸಿಕ್ಕಿಕೊಳ್ಳುತ್ತೆ, ಬಿಡಿಸಲು ಬೇರೆ ಸಾಧನ ಬೇಕು. ಸಣ್ಣ ಶ್ಯಾಂಕ್‌ನ (ವಾದ್ಯದೊಳಗೆ ಹೋಗುವ ತುದಿ), ಆಳವಾದ ಬಟ್ಟಲಿನ ಹಳೇ ಮೌತ್‌ಪೀಸ್ ಹುಡುಕಿ. ಅದು ಪೂರ್ತಿ ಒಳಗೆ ಕೂತರೆ ಶ್ರುತಿ ತುಸು ಏರುತ್ತೆ, ಆಗ ಆ 19 ಮಿಲಿಮೀಟರನ್ನು ಮತ್ತೆ ನೋಡಿ ಹೊಂದಿಸಿಕೊಳ್ಳಿ.